ಬೆಸುಗೆಯ ಹಡಗುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

1943ರ ಜನವರಿ 16, ರಾತ್ರಿ ಹನ್ನೊಂದರ ಸುಮಾರು. ಅಮೆರಿಕದ ಪಶ್ಚಿಮದಂಚಿನ ಪೋರ್ಟ್‌ಲ್ಯಾಂಡ್ ಊರಿನ ಹಡಗುಕಟ್ಟೆಯಲ್ಲಿ ಒಂದು ಹೊಚ್ಚ ಹೊಸ ತೈಲದ ಹಡಗನ್ನು ದಕ್ಕೆಗೆ ಕಟ್ಟಿ ನಿಲ್ಲಿಸಿದ್ದರು. ಹೆಸರು ಸ್ಕೆನೆಕ್ಟಡಿ. ಕಡಲಲ್ಲಿ ಓಡಿಸಿ ನೋಡುವ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಬಿರುಗಾಳಿ ಇರಲಿಲ್ಲ. ಶತ್ರುಗಳಂತೂ ಸಾವಿರಾರು ಮೈಲಿ ದೂರ. ನದಿಯ ನೀರು ಅಲುಗಾಡದೆ ನಿಂತಿತ್ತು, ಚಳಿ ಮಾತ್ರ ಜೋರಾಗಿತ್ತು. ಇದ್ದಕ್ಕಿದ್ದಂತೆ ಮೈಲಿಯಾಚೆಗೂ ಕೇಳುವಂಥ ಸದ್ದು. ಓಡಿ ಬಂದು ನೋಡಿದರೆ ಹಡಗು ನಡುಮಧ್ಯೆ ಮುರಿದಿದೆ! ಮೇಲಿನ ಡೆಕ್ಕು, ಎರಡೂ ಪಕ್ಕೆ, ಎಲ್ಲ ಸೀಳಿಹೋಗಿ, ತಳದ ತಗಡು ಮಾತ್ರ ಹಿಡಿದುಕೊಂಡಿತ್ತು. ಮೂತಿ ಮತ್ತು ಬಾಲ ನದಿಯ ಕೆಸರಿಗೆ ಕುಸಿದು, ನಡು ನೀರಿನಿಂದ ಮೇಲೆದ್ದಿತ್ತು.

ಕಟ್ಟಿದ ಕಡೆಯಲ್ಲೇ, ಯಾರೂ ಮುಟ್ಟದೆ, ಒಂದು ಹಡಗು ಎರಡಾಗುವುದು ಎಂದರೇನು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಹಡಗು ಕಟ್ಟಿದ ಕಥೆಯನ್ನು ಸಾಮಾನ್ಯವಾಗಿ ವೇಗದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಬೆಸುಗೆಯ ಕಥೆಯಾಗಿ ಕಾಣುತ್ತದೆ. ವೇಗ ಬಂದದ್ದೂ ಬೆಸುಗೆಯಿಂದ, ಬಿರುಕಿಗೆ ಹಾದಿಯಾದದ್ದೂ ಅದೇ.

1940ರಲ್ಲಿ ಬ್ರಿಟನ್ನಿನ ಪರಿಸ್ಥಿತಿ ಹದಗೆಟ್ಟಿತ್ತು. ಅದು ದ್ವೀಪ ದೇಶ. ತಿನ್ನುವ ಗೋಧಿ, ಉರಿಸುವ ಎಣ್ಣೆ, ಎರಡೂ ಹಡಗಿನಲ್ಲೇ ಬರಬೇಕು. ಆ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಒಂದೊಂದಾಗಿ ಮುಳುಗಿಸುತ್ತಿದ್ದವು. ಮುಳುಗಿದಷ್ಟನ್ನು ಮತ್ತೆ ಕಟ್ಟಲು ಅಲ್ಲಿನ ಕಟ್ಟೆಗಳಿಗೆ ಕೈ ಸಾಲುತ್ತಿರಲಿಲ್ಲ. ಆಗ ಸಂಡರ್‌ಲ್ಯಾಂಡ್ ಎಂಬ ಹಡಗಿನ ಊರಿನ ಸಿರಿಲ್ ಥಾಂಪ್ಸನ್ ನೇತೃತ್ವದಲ್ಲಿ ಒಂದು ನಿಯೋಗ ನಕ್ಷೆಗಳನ್ನು ಹಿಡಿದುಕೊಂಡು ಅಮೆರಿಕಕ್ಕೆ ಹೊರಟಿತು. ನಮಗೆ 60 ಹಡಗು ಕಟ್ಟಿಕೊಡಿ ಎಂಬುದು ಕೋರಿಕೆ. ಅಲ್ಲಿನ ಹಳೆಯ ಯಾರ್ಡುಗಳಲ್ಲಿ, ಅಂದರೆ ಹಡಗುಕಟ್ಟೆಗಳಲ್ಲಿ, ಜಾಗವೇ ಇರಲಿಲ್ಲ, ಎಲ್ಲ ಕಡೆ ನೌಕಾಪಡೆಯ ಕೆಲಸ ತುಂಬಿತ್ತು. ಕೊನೆಗೆ ಹೊಸದಾಗಿ ಎರಡು ಯಾರ್ಡು ಎಬ್ಬಿಸಿ, ತಲಾ 30 ಹಡಗು ಎಂದು ಮಾತಾಯಿತು. ಒಂದು ಪೂರ್ವದ ಮೇಯ್ನ್ ರಾಜ್ಯದಲ್ಲಿ, ಇನ್ನೊಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ. ಡಿಸೆಂಬರಿನಲ್ಲಿ ಥಾಂಪ್ಸನ್ ಊರಿಗೆ ಮರಳುತ್ತಿದ್ದಾಗ ಅವರಿದ್ದ ವೆಸ್ಟರ್ನ್ ಪ್ರಿನ್ಸ್ ಹಡಗಿಗೇ ಟಾರ್ಪಿಡೋ ಬಡಿಯಿತು. ಕಾಗದಪತ್ರದ ಚೀಲ ಬಿಡದೆ ಅವರು ಜೀವರಕ್ಷಕ ದೋಣಿ ಹತ್ತಿದರು, ಬದುಕಿ ಬಂದರು. ಮುಳುಗುವ ಹಡಗುಗಳಿಗೆ ಬದಲಿ ಹುಡುಕಲು ಹೋದವನ ಹಡಗೇ ಮುಳುಗಿತು. ಕಥೆ ಕಟ್ಟುವವರು ಇದನ್ನು ಬರೆದರೆ ನಾವು ನಂಬುತ್ತಿರಲಿಲ್ಲ.

ರಿಚ್ಮಂಡ್ ಯಾರ್ಡಿನ ಹಿಂದಿದ್ದ ಆಸಾಮಿ ಹೆನ್ರಿ ಕೈಸರ್. ಅಲ್ಲಿಯವರೆಗೆ ಆತ ರಸ್ತೆ ಹಾಕಿದವನು, ಹೂವರ್ ಅಣೆಕಟ್ಟಿನಂಥ ದೊಡ್ಡ ಕಾಮಗಾರಿಗಳಲ್ಲಿ ಪಾಲುದಾರನಾಗಿದ್ದವನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಕ್ಕಾ ಕಂಟ್ರಾಕ್ಟರು. ಹಡಗು ಕಟ್ಟಿದ ಅನುಭವವಿಲ್ಲ. ಹಡಗಿನ ಮೂತಿಗೆ ಕಡಲಿನವರ ಭಾಷೆಯಲ್ಲಿ ಬೇರೆಯೇ ಹೆಸರಿದ್ದರೂ, ಆತ ಅದನ್ನು 'ಮುಂದಿನ ತುದಿ' ಎನ್ನುತ್ತಿದ್ದನಂತೆ. ಹಳೆಯ ಹಡಗುಕಟ್ಟೆಯವರು ಇದನ್ನು ಹೇಳಿ ಹೇಳಿ ನಗುತ್ತಿದ್ದರು. ಆ ನಗು ಬಹಳ ದಿನ ಉಳಿಯಲಿಲ್ಲ. ರಿಚ್ಮಂಡ್ ಜಾಗ ಕೊಲ್ಲಿಯಂಚಿನ ಕೆಸರು. ಅದನ್ನು ತುಂಬಿಸಿ, ಕಂಬ ಇಳಿಸಿ, 1941ರ ಏಪ್ರಿಲ್‌ನಲ್ಲಿ ಮೊದಲ ಹಡಗಿನ ಕೀಲ್, ಅಂದರೆ ಬೆನ್ನೆಲುಬಿನ ಪಟ್ಟಿ, ಇಟ್ಟರು. ಆಗಸ್ಟ್‌ನಲ್ಲಿ ಹಡಗು ನೀರಿಗಿಳಿಯಿತು. ಯಾರ್ಡು ಮತ್ತು ಹಡಗು ಎರಡನ್ನೂ ಜೊತೆಜೊತೆಗೇ ಕಟ್ಟಿದ್ದರು.

ಅಷ್ಟರಲ್ಲಿ ಅಮೆರಿಕ ಸರ್ಕಾರವೂ ತನ್ನದೇ ಹಡಗುಗಳ ಯೋಜನೆ ಪ್ರಕಟಿಸಿತ್ತು. ಬ್ರಿಟಿಷ್ ನಕ್ಷೆಯನ್ನೇ ಸ್ವಲ್ಪ ತಿದ್ದಿ ಇಟ್ಟುಕೊಂಡರು. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಬಾಯ್ಲರು, ತಗಡು ಕೂಡಿಸಲು ಬಡಿದು ಕೂರಿಸುವ ಮೊಳೆ, ಅಂದರೆ ರಿವೆಟ್, ಜಾಗದಲ್ಲಿ ಹೆಚ್ಚಾಗಿ ವೆಲ್ಡಿಂಗ್, ಅಂದರೆ ಬೆಸುಗೆ. ಉದ್ದ 441 ಅಡಿ ಆರು ಇಂಚು. ಸುಮಾರು 10,000 ಟನ್ ಸಾಮಾನು ಹೊರುತ್ತದೆ. ವೇಗ ಗಂಟೆಗೆ 11 ನಾಟಿಕಲ್ ಮೈಲಿ, ಅಂದರೆ ಸುಮಾರು 20 ಕಿಲೋಮೀಟರು. ಗಟ್ಟಿಯಾಗಿ ಸೈಕಲ್ ತುಳಿದರೆ ನೀವೇ ಮುಂದೆ ಹೋಗುತ್ತೀರಿ. ಅಧ್ಯಕ್ಷ ರೂಸ್‌ವೆಲ್ಟ್‌ಗೆ ಹಡಗುಗಳೆಂದರೆ ಪ್ರೀತಿ. ಈ ನಕ್ಷೆ ನೋಡಿ ಆತನೂ ಮುಖ ಸಿಂಡರಿಸಿದ. ಪತ್ರಿಕೆಯೊಂದು ಇದನ್ನು ಕುರೂಪಿ ಬಾತುಮರಿ ಎಂದು ಕರೆಯಿತು. ಹೆಸರು ಕೆಟ್ಟರೆ ಕೆಲಸ ಕೆಡುತ್ತದೆಂದು ಸರ್ಕಾರ 'ಲಿಬರ್ಟಿ ಹಡಗು', ಅಂದರೆ ಸ್ವಾತಂತ್ರ್ಯದ ಹಡಗು, ಎಂಬ ಹೆಸರನ್ನು ಮುಂದೆ ಮಾಡಿತು. ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ ಎಂದು ಗುಡುಗಿದ್ದ ಹಿಂದಿನ ಕಾಲದ ನಾಯಕ ಪ್ಯಾಟ್ರಿಕ್ ಹೆನ್ರಿಯ ಹೆಸರಿನಲ್ಲಿ ಮೊದಲ ಹಡಗು 1941ರ ಸೆಪ್ಟೆಂಬರ್ 27ರಂದು ಬಾಲ್ಟಿಮೋರ್‌ನಲ್ಲಿ ನೀರಿಗಿಳಿಯಿತು. ಅದನ್ನು ಕಟ್ಟಿ ಮುಗಿಸಲು ಹಿಡಿದದ್ದು 244 ದಿನ.

ಎಂಜಿನ್ನಿನ ವಿಷಯ ಇನ್ನೂ ಸ್ವಾರಸ್ಯ. ಆ ಹೊತ್ತಿಗೆ ಟರ್ಬೈನ್ ಇತ್ತು, ಡೀಸೆಲ್ ಇತ್ತು. ಇವರು ಬೇಕೆಂದೇ ಅಜ್ಜನ ಕಾಲದ ಉಗಿಯಂತ್ರ ಆರಿಸಿಕೊಂಡರು. ಮೂರು ಸಿಲಿಂಡರು, ಒಂದಕ್ಕಿಂತ ಒಂದು ದೊಡ್ಡದು. ಒಂದೇ ಉಗಿ ಚಿಕ್ಕದರಲ್ಲಿ ದುಡಿದು, ಒತ್ತಡ ಇಳಿದ ಮೇಲೆ ನಡುವಿನದಕ್ಕೆ ಬಂದು ದುಡಿದು, ಕೊನೆಗೆ ದೊಡ್ಡದರಲ್ಲೂ ದುಡಿಯುತ್ತದೆ. ಕಬ್ಬನ್ನು ಗಾಣಕ್ಕೆ ಮತ್ತೆ ಮತ್ತೆ ಕೊಟ್ಟು ಹಿಂಡಿದ ಹಾಗೆ. 2,500 ಅಶ್ವಶಕ್ತಿ, ತೂಕ 100 ಟನ್ನಿಗೂ ಮೇಲೆ. ಟರ್ಬೈನ್ ಮಾಡಬಲ್ಲ ಕಾರ್ಖಾನೆಗಳೆಲ್ಲ ಯುದ್ಧನೌಕೆಗಳಿಗೆ ಮೀಸಲಾಗಿದ್ದವು. ಈ ಹಳೆಯ ಎಂಜಿನ್ನನ್ನೋ ಯಾರು ಬೇಕಾದರೂ ಎರಕ ಹೊಯ್ದು ಮಾಡಬಹುದಿತ್ತು, ಯಾರು ಬೇಕಾದರೂ ಕಲಿತು ನಡೆಸಬಹುದಿತ್ತು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ಜಾಣ ತೀರ್ಮಾನ ಇದೇ. ಒಳ್ಳೆಯ ಹಡಗು ಯಾವುದು ಎಂದು ಅವರು ಕೇಳಿಕೊಳ್ಳಲಿಲ್ಲ. ನಮ್ಮ ಕೈಲಿರುವ ಜನ, ಕೈಲಿರುವ ಯಂತ್ರ, ಇವುಗಳಿಂದ ನಾಳೆಯೇ ಆಗುವ ಹಡಗು ಯಾವುದು ಎಂದು ಕೇಳಿಕೊಂಡರು. ಐದು ವರ್ಷ ಬಾಳಿದರೆ ಸಾಕೆಂಬ ಲೆಕ್ಕ.

ಈಗ ಬೆಸುಗೆಗೆ ಬರೋಣ. ಹಿಂದೆ ಹಡಗಿನ ತಗಡುಗಳನ್ನು ಕೂಡಿಸುತ್ತಿದ್ದದ್ದು ರಿವೆಟ್‌ನಿಂದ. ಅದಕ್ಕೆ ನಾಲ್ಕು ಜನರ ತಂಡ ಬೇಕು. ಒಬ್ಬ ಕುಲುಮೆಯ ಪಕ್ಕ ಕೂತು ರಿವೆಟ್ಟನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಎಸೆಯುತ್ತಾನೆ. ಮೇಲೆ ಅಟ್ಟಣಿಗೆಯ ಮೇಲಿರುವ ಎರಡನೆಯವ ಅದನ್ನು ತಗಡಿನ ಡಬ್ಬಿಯಲ್ಲಿ ಟಣ್ಣೆಂದು ಹಿಡಿದು ತೂತಿಗೆ ತೂರಿಸುತ್ತಾನೆ. ಮೂರನೆಯವ ಭಾರದ ಕಬ್ಬಿಣದಿಂದ ಅದರ ತಲೆಯನ್ನು ಅಮುಕಿ ಹಿಡಿಯುತ್ತಾನೆ. ನಾಲ್ಕನೆಯವ ಆಚೆ ಕಡೆಯಿಂದ ಗಾಳಿಯ ಸುತ್ತಿಗೆಯಲ್ಲಿ ಬಡಿದು ಬಾಲವನ್ನು ಚಪ್ಪಟೆ ಮಾಡುತ್ತಾನೆ. ರಿವೆಟ್ ಆರುತ್ತಾ ಕುಗ್ಗಿ ಎರಡು ತಗಡನ್ನೂ ಬಿಗಿಯುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ಕಾಯಿಸಿ ಏರಿಸುವುದನ್ನು ನೋಡಿದವರಿಗೆ ಈ ಉಪಾಯ ಹೊಸದೇನಲ್ಲ. ಆದರೆ ಒಂದು ಹಡಗಿಗೆ ಇಂಥವು ಲಕ್ಷಗಟ್ಟಲೆ ಬೇಕು, ಕೈ ಪಳಗಲು ವರ್ಷಗಳು ಬೇಕು.

ವೆಲ್ಡಿಂಗಿಗೆ ಒಬ್ಬರು ಸಾಕು. ನಾವು ಚಿಕ್ಕವರಿದ್ದಾಗ ಬೀದಿಯ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತರೆ, ಆ ನೀಲಿ ಬೆಳಕು ನೋಡಬೇಡ, ರಾತ್ರಿ ಕಣ್ಣಲ್ಲಿ ಮರಳು ಹೊಯ್ದ ಹಾಗಾಗುತ್ತೆ ಎಂದು ಮನೆಯಲ್ಲಿ ಗದರುತ್ತಿದ್ದರು. ಗದರಿದಷ್ಟೂ ನೋಡಬೇಕೆನ್ನಿಸುತ್ತಿತ್ತು. ಅಲ್ಲಿ ಒಂದು ಸಂಗತಿ ಗಮನಿಸಿದ್ದೆ. ಗೇಟನ್ನು ನೆಲಕ್ಕೆ ಮಲಗಿಸಿಕೊಂಡು ಬೆಸೆಯುವಾಗ ಕೆಲಸದ ಹುಡುಗನೂ ಮಾಡುತ್ತಿದ್ದ. ತಲೆಯ ಮೇಲಿನ ತೊಲೆಗೆ ಬೆಸುಗೆ ಹಾಕಬೇಕಾದಾಗ ಮಾತ್ರ ಮೇಸ್ತ್ರಿಯೇ ಏಣಿ ಹತ್ತಬೇಕು. ಯಾಕೆಂದರೆ ಕರಗಿದ ಲೋಹ ಕೆಳಕ್ಕೆ ತೊಟ್ಟಿಕ್ಕುತ್ತದೆ. ಅಮೆರಿಕದ ಯಾರ್ಡುಗಳು ಹಿಡಿದದ್ದು ಇದೇ ಗುಟ್ಟನ್ನು. ಹಡಗನ್ನು ತುಂಡು ತುಂಡಾಗಿ ಬಯಲಿನಲ್ಲೇ ಕಟ್ಟುವುದು. ಬೆಸುಗೆ ಯಾವಾಗಲೂ ಕೈಕೆಳಗೇ ಬರುವ ಹಾಗೆ ತುಂಡನ್ನು ಬೇಕಾದ ಕಡೆ ಹೊರಳಿಸಿಕೊಳ್ಳುವುದು, ಬೇಕಿದ್ದರೆ ಮಗುಚಿ ಹಾಕುವುದು. ಆಮೇಲೆ ಕ್ರೇನಿನಿಂದ ಎತ್ತಿ ತಂದು ಕೂಡಿಸುವುದು. ಆಗ ಕೆಲವೇ ವಾರದ ತರಬೇತಿಯವರೂ ಹಡಗು ಬೆಸೆಯಬಹುದು.

ಬೆಸೆದರು ಕೂಡ. ಟೆಕ್ಸಾಸ್, ಓಕ್ಲಹೋಮಾ, ಆರ್ಕನ್ಸಾ, ಲೂಸಿಯಾನಾಗಳಿಂದ ಜನ ರೈಲು ಹತ್ತಿ ಬಂದರು. ಎಷ್ಟೋ ಜನ ಸಮುದ್ರವನ್ನೇ ಕಂಡವರಲ್ಲ. ಸುಮಾರು 23,000 ಜನರಿದ್ದ ರಿಚ್ಮಂಡ್ ಕೆಲವೇ ವರ್ಷಗಳಲ್ಲಿ ಲಕ್ಷ ದಾಟಿತು. ಮಲಗಲು ಜಾಗವಿಲ್ಲದೆ ಒಂದೇ ಹಾಸಿಗೆಯನ್ನು ಪಾಳಿಯಂತೆ ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿ ಪಾಳಿಯವ ಎದ್ದು ಹೋದರೆ ಹಗಲು ಪಾಳಿಯವ ಬಂದು ಅದೇ ಬೆಚ್ಚನೆಯ ಹಾಸಿಗೆಗೆ ಬೀಳುವುದು. ಸಿನಿಮಾ ಮಂದಿರಗಳು ರಾತ್ರಿಯಿಡೀ ತೆರೆದಿರುತ್ತಿದ್ದವು. ರಿಚ್ಮಂಡ್ ಯಾರ್ಡುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅವರ ಮಕ್ಕಳಿಗಾಗಿ ಶಿಶುವಿಹಾರ ತೆರೆದರು. ಕೆಲಸಗಾರರಿಗೆ ಸಂಬಳದಲ್ಲಿ ಸ್ವಲ್ಪ ಹಿಡಿದು ಆಸ್ಪತ್ರೆಯ ಸೌಲಭ್ಯ ಕೊಟ್ಟರು. ಕೈಸರ್ ಹೆಸರು ಹೊತ್ತು ಇಂದಿಗೂ ನಡೆಯುತ್ತಿರುವ ದೊಡ್ಡ ಆರೋಗ್ಯ ಸಂಸ್ಥೆ ಆ ವ್ಯವಸ್ಥೆಯಿಂದ ಬೆಳೆದದ್ದು. ಹಡಗುಗಳು ಬಹುಪಾಲು ಗುಜರಿಗೆ ಹೋದವು, ಆಸ್ಪತ್ರೆ ಉಳಿಯಿತು.

ಆದರೆ ಎಲ್ಲರನ್ನೂ ಒಂದೇ ಸಮ ಬೆಸೆಯಲಿಲ್ಲ. ಕರಿಯ ಕೆಲಸಗಾರರನ್ನು ಬಾಯ್ಲರ್ ಕೆಲಸದವರ ಸಂಘ ತನ್ನೊಳಗೆ ಬಿಟ್ಟುಕೊಳ್ಳದೆ, ಅಧಿಕಾರವಿಲ್ಲದ ಉಪಶಾಖೆಗಳಿಗೆ ತಳ್ಳಿತು. ಚಂದಾ ಕಟ್ಟಬೇಕು, ಮತ ಹಾಕುವಂತಿಲ್ಲ. ಕೆಲವರು ಕೋರ್ಟಿಗೆ ಹೋದರು, 1944ರ ಕೊನೆಗೆ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು. ಯುದ್ಧ ಮುಗಿದದ್ದೇ ತಡ, ಹೆಂಗಸರನ್ನೂ ಕರಿಯರನ್ನೂ ಮೊದಲು ಮನೆಗೆ ಕಳಿಸಿದರು. ಇದರ ನಡುವೆ ಬುಕರ್ ಟಿ. ವಾಷಿಂಗ್ಟನ್ ಎಂಬ ಲಿಬರ್ಟಿ ಹಡಗಿಗೆ 1942ರಲ್ಲಿ ಹ್ಯೂ ಮುಲ್ಜಾಕ್ ಕ್ಯಾಪ್ಟನ್ ಆದರು. ಅವರು ಕರಿಯರು. ಕ್ಯಾಪ್ಟನ್ ಪರೀಕ್ಷೆ ಪಾಸಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಕಾದಿದ್ದವರು. ಬಣ್ಣ ನೋಡದೆ ಸಿಬ್ಬಂದಿ ಕೊಟ್ಟರೆ ಮಾತ್ರ ಹಡಗು ಹತ್ತುತ್ತೇನೆ ಎಂದು ಹಟ ಹಿಡಿದು, ಹಾಗೆಯೇ ನಡೆಸಿದರು.

ವೇಗಕ್ಕೆ ಬಂದರೆ, 244 ದಿನದ ಕೆಲಸ ಸರಾಸರಿ 42 ದಿನಕ್ಕೆ ಇಳಿಯಿತು. ಯಾರ್ಡು ಯಾರ್ಡುಗಳ ನಡುವೆ ಪೈಪೋಟಿ ಹುಟ್ಟಿತು. ಪೋರ್ಟ್‌ಲ್ಯಾಂಡಿನವರು ಹತ್ತು ದಿನಕ್ಕೆ ಒಂದನ್ನು ನೀರಿಗಿಳಿಸಿದರು. ರಿಚ್ಮಂಡಿನವರು ಬಿಟ್ಟಾರೆಯೇ? 1942ರ ನವೆಂಬರಿನಲ್ಲಿ ರಾಬರ್ಟ್ ಇ. ಪಿಯರಿ ಎಂಬ ಹಡಗನ್ನು ಕೀಲ್ ಇಟ್ಟ ನಾಲ್ಕು ದಿನ ಹದಿನೈದೂವರೆ ಗಂಟೆಗೆ ನೀರಿಗಿಳಿಸಿದರು. ಇದರಲ್ಲಿ ಸ್ವಲ್ಪ ಜಾತ್ರೆಯ ತೋರಿಕೆಯಿತ್ತು ಎಂಬುದನ್ನೂ ಹೇಳಿಬಿಡಬೇಕು. ದೊಡ್ಡ ದೊಡ್ಡ ಭಾಗಗಳನ್ನು ಮೊದಲೇ ಸಿದ್ಧ ಮಾಡಿಟ್ಟು, ಆಮೇಲೆ ಗಡಿಯಾರ ಶುರು ಮಾಡಿದ್ದರು. ಆದರೂ ಆ ಹಡಗು ತೇಲಿತು, ಯುದ್ಧದುದ್ದಕ್ಕೂ ದುಡಿಯಿತು, 1963ರವರೆಗೆ ಬಾಳಿತು. 1942ರಲ್ಲಿ ಅಮೆರಿಕ ಇಟ್ಟುಕೊಂಡ ಗುರಿ 80 ಲಕ್ಷ ಟನ್ ಸಾಮರ್ಥ್ಯದ ವಾಣಿಜ್ಯ ಹಡಗುಗಳು. ಅದನ್ನು ಮುಟ್ಟಿ, ಮರುವರ್ಷ 1 ಕೋಟಿ 90 ಲಕ್ಷ ಟನ್ ಕಟ್ಟಿತು. ಮುಳುಗುವುದಕ್ಕಿಂತ ಹುಟ್ಟುವುದು ಹೆಚ್ಚಾಯಿತು. ಯುದ್ಧ ಮುಗಿಯುವ ಹೊತ್ತಿಗೆ 18 ಯಾರ್ಡುಗಳಿಂದ ಹೊರಬಂದ ಲಿಬರ್ಟಿ ಹಡಗುಗಳು 2,710. ಒಂದೊಂದರಲ್ಲಿ 2,840 ಜೀಪು ಹಿಡಿಸುತ್ತಿದ್ದವು, ಇಲ್ಲವೇ 440 ಟ್ಯಾಂಕು.

ಇಷ್ಟರ ನಡುವೆಯೇ ಬಿರುಕು ಬಂತು. ಆರಂಭದಲ್ಲಿ ಹೇಳಿದ ಸ್ಕೆನೆಕ್ಟಡಿ ಲಿಬರ್ಟಿ ಹಡಗಲ್ಲ, ಅದೇ ಬಗೆಯಲ್ಲಿ ಬೆಸೆದ ತೈಲದ ಹಡಗು. ಲಿಬರ್ಟಿಗಳಲ್ಲೂ ಡೆಕ್ಕಿನ ಮೇಲೆ ಬಿರುಕುಗಳು ಕಾಣತೊಡಗಿದವು. 1943ರ ನವೆಂಬರಿನಲ್ಲಿ ಜಾನ್ ಪಿ. ಗೇನ್ಸ್ ಎಂಬ ಹಡಗು ಅಲಾಸ್ಕಾದ ತಣ್ಣನೆಯ ಕಡಲಲ್ಲಿ ಎರಡು ತುಂಡಾಗಿ ಹತ್ತು ಮಂದಿ ಸತ್ತರು. ಎಲ್ಲರ ಬೆರಳೂ ಬೆಸುಗೆಯವರ ಕಡೆಗೆ ತಿರುಗಿತು. ನಿನ್ನೆ ಮೊನ್ನೆ ಹೊಲದಿಂದ ಬಂದವರು, ಹೆಂಗಸರು, ಇವರು ಬೆಸೆದರೆ ಹೀಗೇ ಆಗುವುದು ಎಂದು ಮೂಗು ಮುರಿದವರಿಗೆ ಕೊರತೆಯಿರಲಿಲ್ಲ. ಕೆಲವು ಕಡೆ ಬೆಸುಗೆ ಕೆಟ್ಟದ್ದೂ ನಿಜ. ಆದರೆ ಅದೊಂದೇ ಕಾರಣವಾಗಿದ್ದರೆ ಬಿರುಕು ಬೆಸುಗೆಯ ಗೆರೆಯುದ್ದಕ್ಕೇ ಹೋಗಬೇಕಿತ್ತಲ್ಲ? ಅದು ಅಖಂಡ ತಗಡನ್ನೇ ಸೀಳಿಕೊಂಡು ಹೋಗುತ್ತಿತ್ತು.

ಇದನ್ನು ಬಿಡಿಸಿದವರಲ್ಲಿ ಮುಖ್ಯರು ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್. ಆಗಿನ ಕಾಲಕ್ಕೆ ಆ ಎಂಜಿನಿಯರಿಂಗ್ ವಿಭಾಗದಲ್ಲಿ ಹೆಂಗಸೊಬ್ಬರು ಇದ್ದದ್ದೇ ದೊಡ್ಡದು. ತಪ್ಪಿರುವುದು ಉಕ್ಕಿನ ಗುಣದಲ್ಲಿ ಎಂದು ಅವರು ತೋರಿಸಿದರು. ಕಡಲೆಬೀಜದ ಚಿಕ್ಕಿ ಮಾಡುವಾಗ ಪಾಕ ಬಿಸಿಯಿದ್ದರೆ ಬಾಗುತ್ತದೆ, ಎಳೆದರೆ ನೂಲು ಬರುತ್ತದೆ. ಆರಿದ ಮೇಲೆ ಬಾಗಿಸಲು ಹೋದರೆ ಪಟ್ಟೆಂದು ಮುರಿಯುತ್ತದೆ. ಆ ಹಡಗುಗಳ ಉಕ್ಕೂ ಹಾಗೆಯೇ. ಒಂದು ಮಟ್ಟಕ್ಕಿಂತ ತಣ್ಣಗಾದರೆ ಬಾಗುವ ಗುಣ ಕಳೆದುಕೊಂಡು ಗಾಜಿನಂತಾಗುತ್ತಿತ್ತು. ಆ ಮಟ್ಟ ಚಳಿಗಾಲದ ಕಡಲಿನ ಮಟ್ಟವೇ ಆಗಿತ್ತು.

ಹಾಗಿದ್ದರೆ ರಿವೆಟ್ ಹಡಗುಗಳು ಹೀಗೆ ಇಬ್ಭಾಗವಾಗುತ್ತಿರಲಿಲ್ಲವೇಕೆ? ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ ನೆನಪು ಮಾಡಿಕೊಳ್ಳಿ. ಒಂದು ತುಂಡು ಹರಿದರೆ ಹರಕು ಹೊಲಿಗೆಯವರೆಗೆ ಬಂದು ನಿಲ್ಲುತ್ತದೆ, ಪಕ್ಕದ ತುಂಡಿಗೆ ದಾಟುವುದಿಲ್ಲ. ರಿವೆಟ್ ಹಡಗು ಕಬ್ಬಿಣದ ಕೌದಿ. ಬೆಸೆದ ಹಡಗಾದರೋ ಈ ತುದಿಯಿಂದ ಆ ತುದಿಗೆ ಒಂದೇ ಬಟ್ಟೆ. ಇನ್ನು ಆ ಹರಕು ಶುರುವಾಗುವುದು ಎಲ್ಲಿಂದ? ಬಟ್ಟೆ ಅಂಗಡಿಯವರು ಎರಡು ಮೀಟರ್ ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕಿ, ಪರ್ರೆಂದು ಹರಿದು ಕೊಡುತ್ತಾರಲ್ಲ, ಹಾಗೆ. ಲಿಬರ್ಟಿ ಹಡಗಿನ ಡೆಕ್ಕಿನಲ್ಲಿ ಸಾಮಾನು ಇಳಿಸುವ ಚೌಕದ ಬಾಯಿಗಳಿದ್ದವು. ಅವುಗಳ ಚೂಪು ಮೂಲೆಯೇ ಆ ಕಚ್ಚು. ಅಲೆಗೆ ಹಡಗು ಬಾಗಿದಾಗಲೆಲ್ಲ ಎಳೆತವೆಲ್ಲ ಆ ಮೂಲೆಗೆ ಬಂದು ಸೇರುತ್ತಿತ್ತು.

ಪರಿಹಾರ ನೋಡಿದರೆ ನಗು ಬರುತ್ತದೆ. ಮೂಲೆಗಳನ್ನು ದುಂಡಗೆ ಮಾಡಿದರು. ಜೊತೆಗೆ ಡೆಕ್ಕಿಗೂ ಪಕ್ಕೆಗೂ ಉದ್ದುದ್ದ ಉಕ್ಕಿನ ಪಟ್ಟಿಗಳನ್ನು ಕೂರಿಸಿ ಬಿರುಕು ಅಲ್ಲಿಗೇ ನಿಲ್ಲುವಂತೆ ಮಾಡಿದರು. ಆ ಪಟ್ಟಿಗಳನ್ನು ಕೂಡಿಸಿದ್ದು ಯಾವುದರಿಂದ ಗೊತ್ತೆ? ಅದೇ ಹಳೆಯ ರಿವೆಟ್‌ನಿಂದ.

ನಮ್ಮ ದೇಶಕ್ಕೂ ಈ ಹಡಗುಗಳ ನಂಟಿದೆ, ಅಷ್ಟೇನೂ ಸಂತೋಷದ್ದಲ್ಲ. ಸಂಡರ್‌ಲ್ಯಾಂಡಿನ ಅದೇ ನಕ್ಷೆಯ ದಾಯಾದಿ ಹಡಗುಗಳನ್ನು ಕೆನಡಾದಲ್ಲೂ ಕಟ್ಟಿದರು. ಅವುಗಳಲ್ಲೊಂದು ಫೋರ್ಟ್ ಸ್ಟಿಕಿನ್. 1944ರ ಏಪ್ರಿಲ್ 14ರ ಮಧ್ಯಾಹ್ನ ಅದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿತ್ತು. ಒಳಗೆ ಹತ್ತಿಯ ಮೂಟೆ, ಸುಮಾರು 1,400 ಟನ್ ಸ್ಫೋಟಕ, ಮೇಲಿಷ್ಟು ಚಿನ್ನದ ಗಟ್ಟಿ. ಹತ್ತಿಗೆ ಬೆಂಕಿ ಹತ್ತಿತು. ನಾಲ್ಕು ಗಂಟೆಯ ಹೊತ್ತಿಗೆ ಹಡಗು ಸಿಡಿದು ಬಂದರೇ ಹಾರಿಹೋಯಿತು. ನೂರಾರು ಜನ ಸತ್ತರು, ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಪ್ರತಿ ವರ್ಷ ಏಪ್ರಿಲ್ 14ರಂದು ದೇಶದೆಲ್ಲೆಡೆ, ನಮ್ಮ ಊರುಗಳ ಅಗ್ನಿಶಾಮಕ ಠಾಣೆಗಳಲ್ಲೂ ಆಚರಿಸುವ ಅಗ್ನಿಶಾಮಕ ಸೇವಾ ದಿನ ಅವರ ನೆನಪಿನದು.

ಇನ್ನೊಂದು ನಂಟು ಬೆಂಗಳೂರಿನವರೆಗೆ ಬರುತ್ತದೆ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಶುರು ಮಾಡಿದರು. ಅವರದೇ ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ 1941ರ ಜೂನಿನಲ್ಲಿ ರಾಜೇಂದ್ರ ಪ್ರಸಾದರು ವಿಶಾಖಪಟ್ಟಣದಲ್ಲಿ ಅಡಿಗಲ್ಲು ಹಾಕಿದರು. ಹೆಚ್ಚುಕಡಿಮೆ ರಿಚ್ಮಂಡ್ ಯಾರ್ಡಿನ ವಾರಿಗೆಯದು. ಆದರೆ ಅಲ್ಲಿಂದ ಮೊದಲ ಹಡಗು ಜಲಉಷಾ ನೀರಿಗಿಳಿದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಅಷ್ಟರಲ್ಲಿ ರಿಚ್ಮಂಡಿನ ನಾಲ್ಕು ಯಾರ್ಡುಗಳು 747 ಹಡಗು ಕಟ್ಟಿ ಬಾಗಿಲು ಹಾಕಿದ್ದವು. ಆಳುವವರ ಮನಸ್ಸು ಎಲ್ಲಿತ್ತು ಎಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ.

ಯುದ್ಧ ಮುಗಿದ ಮೇಲೆ ಲಿಬರ್ಟಿಗಳನ್ನು ಅಗ್ಗದ ಬೆಲೆಗೆ ಮಾರಿದರು. ಗ್ರೀಕ್ ಮಾಲೀಕರು ನೂರಾರು ಹಡಗು ಕೊಂಡು ಅದರಲ್ಲೇ ಸಾಮ್ರಾಜ್ಯ ಕಟ್ಟಿಕೊಂಡರು. ಐದು ವರ್ಷಕ್ಕೆಂದು ಕಟ್ಟಿದವು ಇಪ್ಪತ್ತು, ಇಪ್ಪತ್ತೈದು ವರ್ಷ ಓಡಿದವು. ಈಗ ತೇಲುತ್ತಿರುವವು ಬೆರಳೆಣಿಕೆಯಷ್ಟು. ಅದರಲ್ಲೊಂದು ಜೆರೆಮಾಯಾ ಓಬ್ರಯನ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. 1943ರಲ್ಲಿ ಮೇಯ್ನ್‌ನಲ್ಲಿ 56 ದಿನಕ್ಕೆ ಕಟ್ಟಿದ್ದು. 1944ರ ನಾರ್ಮಂಡಿ ದಾಳಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿನ ದಡಕ್ಕೆ 11 ಸಲ ಹೋಗಿಬಂದದ್ದು. ಯುದ್ಧದ ನಂತರ ಮೂವತ್ತಕ್ಕೂ ಹೆಚ್ಚು ವರ್ಷ ಕೊಲ್ಲಿಯೊಂದರಲ್ಲಿ ತುಕ್ಕು ಹಿಡಿಯುತ್ತ ನಿಂತು, 1979ರಲ್ಲಿ ತನ್ನದೇ ಉಗಿಯಲ್ಲಿ ಹೊರಬಂತು. 1994ರಲ್ಲಿ ಮುದುಕರಾದ ನಾವಿಕರು ಅದನ್ನು ಮತ್ತೆ ನಾರ್ಮಂಡಿಗೆ ನಡೆಸಿಕೊಂಡು ಹೋದರು.

ಅದರ ಎಂಜಿನ್ ಕೋಣೆಯಲ್ಲಿ ಎಲ್ಲವೂ ತೆರೆದೇ ಇದೆ. ಆಳೆತ್ತರದ ಉಕ್ಕಿನ ತೋಳುಗಳು ನಿಧಾನಕ್ಕೆ ಮೇಲೆ ಕೆಳಗೆ ಆಡುತ್ತವೆ, ನಿಮಿಷಕ್ಕೆ ಎಪ್ಪತ್ತು ಚಿಲ್ಲರೆ ಸುತ್ತು, ಹೆಚ್ಚುಕಡಿಮೆ ನಮ್ಮ ನಾಡಿಯ ಬಡಿತದಷ್ಟೇ. ಇಂಥ ಎಂಜಿನ್ನಿನ ಪಕ್ಕ ಎಣ್ಣೆ ಹಾಕುವವನು ಉದ್ದ ಕೊಕ್ಕಿನ ಡಬ್ಬಿ ಹಿಡಿದು ನಿಂತಿರುತ್ತಾನೆ. ತೋಳು ತಿರುಗಿ ತನ್ನ ಕಡೆ ಬಂದಾಗ ಅದರ ಲಯಕ್ಕೆ ಸರಿಯಾಗಿ ಕೈ ಚಾಚಿ, ಅಂಗೈಯಿಂದ ಒಮ್ಮೆ ಸವರಿ, ಬಿಸಿಯಾಗಿದೆಯೇ ನೋಡಿ, ತಟ್ಟನೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮುಂದಿನ ಸುತ್ತಿಗೆ ಮತ್ತೆ ಕೈ ಚಾಚುತ್ತಾನೆ.

ನಮಸ್ಕಾರ.